ಸೋರಿಕೆ ಕೇಳುವವಳು

ಸಂಜೆ ಐದಕ್ಕೆ ಹಿಡಿದ ಮಳೆ ಆರೂವರೆಯಾದರೂ ಬಿಡಲಿಲ್ಲ. ಸೈಕಲ್ ರಿಪೇರಿ ಅಂಗಡಿಯ ತಗಡಿನ ಮಾಡಿನ ಮೇಲೆ ಅದು ಬೀಳುತ್ತಿದ್ದ ರಭಸಕ್ಕೆ ಪಕ್ಕದಲ್ಲೇ ಕೂತವರ ಜೊತೆ ಮಾತಾಡಬೇಕಾದರೂ ಕೂಗಬೇಕಾಗಿತ್ತು. ಒಳಗೆ ನಾಲ್ಕೇ ಜನ. ತೂಗುಹಾಕಿದ ರಿಮ್ಮುಗಳ ಕೆಳಗೆ, ಪಂಕ್ಚರ್ ನೋಡುವ ನೀರಿನ ಬೋಗುಣಿಯ ಪಕ್ಕ, ಮೋಟು ಸ್ಟೂಲಿನ ಮೇಲೆ ಅಂಗಡಿಯ ಅಜ್ಜ. ಮಗುಚಿಟ್ಟ ಡಬ್ಬದ ಮೇಲೆ ಪಕ್ಕದಂಗಡಿಯ ದರ್ಜಿ. ಬಾಗಿಲ ಬಳಿ, ಒದ್ದೆಯಾಗದಂತೆ ಚೀಲವನ್ನು ಎದೆಗವಚಿಕೊಂಡು, ಸೈಕಲ್ಲಿನಲ್ಲಿ ಕಾಗದ ಹಂಚುವ ಅಂಚೆಯಾಕೆ. ಮೂಲೆಯ ಬೆಂಚಿನ ತುದಿಯಲ್ಲಿ, ಮಗಳ ಸೈಕಲ್ ಒಯ್ಯಲು ಬಂದು ಮಳೆಗೆ ಸಿಕ್ಕಿಬಿದ್ದ ಕಾರು ಮೆಕ್ಯಾನಿಕ್.

ಅವನಿಗೆ ಈ ಅಂಗಡಿ ಹೊಸದು. ಅವನ ಕೆಲಸ ಬ್ಯಾಟರಿ ಕಾರುಗಳ ಸರ್ವಿಸ್ ಸೆಂಟರಿನಲ್ಲಿ. ಎಣ್ಣೆಯಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ಆ ಕಾರುಗಳು ನಿಧಾನಕ್ಕೆ ಹೋಗುವಾಗ ನಡೆಯುವವರಿಗೆ, ಸೈಕಲ್ಲಿನವರಿಗೆ ತಿಳಿಯಲೆಂದು ಕಾರ್ಖಾನೆಯವರು ಮುಂದಿನ ಬಂಪರಿನ ಒಳಗೆ ಅಂಗೈಯಗಲದ ಸ್ಪೀಕರೊಂದನ್ನು ಇಟ್ಟಿರುತ್ತಾರೆ. ಅದು ‘ಹೂಂ’ ಎಂದು ಗುನುಗುತ್ತದೆ. ಕೆಲವು ಗಿರಾಕಿಗಳಿಗೆ ಆ ಗುನುಗು ಆಗಿಬರುವುದಿಲ್ಲ. ಅಂಥವರು ಇವನನ್ನು ಪಕ್ಕಕ್ಕೆ ಕರೆದು ಹೇಳುತ್ತಾರೆ. ಇವನು ಊಟದ ಬಿಡುವಿನಲ್ಲಿ ಕಾರಿನಡಿ ನುಸುಳಿ ತಂತಿ ಕತ್ತರಿಸುತ್ತಾನೆ. ‘ಬಾಯಿ ಕಟ್ಟೋದು’ ಎನ್ನುತ್ತಾರೆ ಅವರಲ್ಲಿ ಅದಕ್ಕೆ. ಹದಿನೇಳು ಕಾರುಗಳ ಬಾಯಿ ಕಟ್ಟಿದ್ದ. ಮಗಳು ಸೈಕಲ್ ಹತ್ತಿದ ಮೇಲೆ ಯಾಕೋ ಹದಿನೆಂಟನೆಯದಕ್ಕೆ ಕೈ ಬಂದಿರಲಿಲ್ಲ. ಆದರೆ ಕಟ್ಟಿದ್ದು ಕಟ್ಟಿದ್ದೇ. ಆ ಕಾರುಗಳೆಲ್ಲ ಇದೇ ಊರಿನಲ್ಲಿ ಓಡಾಡುತ್ತಿದ್ದವು. ಎರಡು, ಅವನಿಗೆ ಗೊತ್ತಿದ್ದಂತೆ, ಮಗಳ ಶಾಲೆಯ ರಸ್ತೆಯಲ್ಲೇ.

ಅಜ್ಜ ಮೆಕ್ಯಾನಿಕ್ಕಿನ ಮಗಳ ಸೈಕಲ್ಲನ್ನು ತಲೆಕೆಳಗು ಮಾಡಿ ಬ್ರೇಕ್ ಬಿಗಿಯುತ್ತಿದ್ದವನು ದೀಪದ ತಂತಿಯ ಹತ್ತಿರ ಬಂದು ನಿಂತುಬಿಟ್ಟ. ತುಂಡಾಗಿದ್ದ ತಂತಿಯನ್ನು ಯಾರೋ ಮಡಚಿ, ನೀಲಿ ಟೇಪು ಸುತ್ತಿ, ಟೇಪಿನ ಕೊನೆಯನ್ನು ಮೂರು ಸಲ ಒಳಮಡಿಕೆ ಮಾಡಿ, ಎಲೆಯ ತುದಿಯಂತೆ ಚೂಪಾಗಿಸಿದ್ದರು.

“ಇದ್ಯಾರಪ್ಪ ಸುತ್ತಿದ್ದು?” ಎಂದು ಕೂಗಿ ಕೇಳಿದ.

“ನಾನೇ ಅಜ್ಜಾ,” ಎಂದ ಮೆಕ್ಯಾನಿಕ್. “ಮೂರು ಮಡಿಕೆ ಹಾಕಿದ್ರೆ ಎಷ್ಟು ನೀರು ಬಿದ್ರೂ ಬಿಚ್ಚಲ್ಲ.”

“ಕೈಕೆಲಸ ಅಂದ್ರೆ ಇದು,” ಎಂದ ಅಜ್ಜ. ತಂತಿಯನ್ನು ಬಹಳ ಹೊತ್ತು ಬೆರಳಿನಲ್ಲಿ ಸವರಿದ. ಆಮೇಲೆ ಸ್ಪ್ಯಾನರ್ ಕೆಳಗಿಟ್ಟು ಕೈ ಒರೆಸಿಕೊಂಡ.

“ಮಳೆ ಹೇಗೂ ಬಿಡೋ ಹಾಗಿಲ್ಲ,” ಎಂದಳು ಅಂಚೆಯಾಕೆ. “ಏನಾದ್ರೂ ಹೇಳಿ ಅಜ್ಜಾ.”

“ದೆವ್ವದ್ದು ಹೇಳು,” ಎಂದ ದರ್ಜಿ. “ಮನೇಲಿರೋದನ್ನು ನೋಡಿ ನೋಡಿ ಬೇಜಾರಾಗಿದೆ, ಬೇರೆಯವರದ್ದು ಕೇಳೋಣ.”

ಅಜ್ಜ ನಗಲಿಲ್ಲ. ಮೆಕ್ಯಾನಿಕ್ಕಿನ ಕಡೆ ನೋಡಿಕೊಂಡೇ ಶುರುಮಾಡಿದ.

“ನನಗೊಬ್ಬಳು ತಂಗಿ ಇದ್ದಳು. ಅವಳ ಕೆಲಸ ಏನು ಗೊತ್ತಾ? ಕೇಳಿಸಿಕೊಳ್ಳೋದು. ಹಲ್ಲು ಕಿರೀಬೇಡ ದರ್ಜಿಯಪ್ಪಾ, ಅದಕ್ಕೆ ನೀರಿನ ಆಫೀಸಿನೋರು ಸಂಬಳ ಕೊಡ್ತಿದ್ರು. ನೆಲದೊಳಗೆ ಆಳುದ್ದ ಕೆಳಗೆ ಪೈಪ್ ಇರುತ್ತಲ್ಲ, ಅದು ಎಲ್ಲಾದ್ರೂ ಬಿರುಕು ಬಿಟ್ಟು ಸೋರೋಕೆ ಶುರುವಾದ್ರೆ ಮೇಲೆ ನಿಂತೋರಿಗೆ ಗೊತ್ತಾಗುತ್ತಾ? ಇಲ್ಲ. ಇವಳಿಗೆ ಗೊತ್ತಾಗ್ತಿತ್ತು. ಎದೆಮಟ್ಟದ್ದೊಂದು ಕಬ್ಬಿಣದ ಸಲಾಕೆ, ಮೇಲ್ಗಡೆ ಕಿವಿ ಇಡೋಕೆ ಮರದ ಬಟ್ಟಲು. ಊರು ಏಳೋಕೆ ಮುಂಚೆ, ಗಲಾಟೆ ಶುರುವಾಗೋಕೆ ಮುಂಚೆ, ಬೆಳಗಿನ ನಾಲ್ಕೂವರೆಗೆ ಸಲಾಕೆನ ಸೈಕಲ್ಲಿಗೆ ಕಟ್ಟಿಕೊಂಡು ಹೊರಡೋಳು; ಹತ್ತು ಮಾರಿಗೊಂದು ಸಲ ಇಳಿದು ಸಲಾಕೇಲಿ ರಸ್ತೆಗೆ ಟಕ್ ಅಂತ ಕುಟ್ಟಿ, ಬಟ್ಟಲಿಗೆ ಕಿವಿ ಕೊಟ್ಟು, ಉಸಿರು ಬಿಗಿಹಿಡಿದು ನಿಲ್ಲೋಳು… ಕೆಳಗೆ ಎಲ್ಲೋ ‘ಸ್ಸ್’ ಅಂದ್ರೆ ಸಾಕು, ಅಲ್ಲೇ ಸುಣ್ಣದ ಕಡ್ಡೀಲಿ ಒಂದು ಸುತ್ತು ಬರೆದು ಆಫೀಸಿಗೆ ಹೇಳೋಳು. ಅಗೆದ್ರೆ ಗೇಣು ಆಚೆ ಈಚೆ ಆಗ್ತಿರಲಿಲ್ಲ. ಅಂಥ ಕಿವಿ.

“ಆ ಕಿವಿಯಿಂದಾನೇ ಅವಳು ಸೈಕಲ್ ಹೊಡೀತಿದ್ದದ್ದು. ನೀನೂ ಹಾಗೇ ಅಲ್ವಾ ತಾಯೀ? ಬಲಕ್ಕೆ ತಿರುಗೋಕೆ ಮುಂಚೆ ಕತ್ತು ಹೊರಳಿಸಿ ನೋಡ್ತೀಯಾ, ಇಲ್ಲಾ ಹಿಂದೆ ಏನಾದ್ರೂ ಬರ್ತಿದೆಯಾ ಅಂತ ಕಿವಿ ಕೊಡ್ತೀಯಾ? …ಹೂಂ. ನಾವೆಲ್ಲ ಹಾಗೇ. ಒಂದು ಸಲ ನಾನೇ ಒಂದು ಕನ್ನಡಿ ತಂದು, ಹ್ಯಾಂಡಲ್ಲಿಗೆ ಹಾಕ್ತೀನಿ ಬಾರೇ ಅಂದೆ. ‘ಏನಣ್ಣಾ ನೀನು, ಮಣ್ಣಿನ ಕೆಳಗೆ ಹನಿ ಬೀಳೋದು ಕೇಳೋಳಿಗೆ ಬೆನ್ನ ಹಿಂದೆ ಕಾರು ಬರೋದು ಕೇಳಲ್ವಾ’ ಅಂದ್ಲು. ನಾನೂ ನಕ್ಕುಬಿಟ್ಟೆ. ಕನ್ನಡಿ ಡಬ್ಬದಲ್ಲೇ ಉಳೀತು… ನಗಬಾರದಿತ್ತು.

“ಈಗ ಇನ್ನೊಬ್ಬನ ವಿಷಯ ಕೇಳಿ. ಹಲ್ಲಿನ ಡಾಕ್ಟರು. ದಿನಾ ಎಂಟು ಗಂಟೆ ಜನರ ಬಾಯಲ್ಲಿ ಡ್ರಿಲ್ ಹಿಡಿದು ಗುಂಯ್ ಗುಂಯ್ ಅನ್ನಿಸಿ, ಸದ್ದು ಅಂದ್ರೆ ಮೈಯೆಲ್ಲ ಉರಿಯೋನು. ಮನೇಲಿ ಚಮಚ ಬೀಳೋ ಹಾಗಿರಲಿಲ್ಲ. ಅದಕ್ಕೇ ಬ್ಯಾಟರಿ ಕಾರು ತಗೊಂಡ. ತಗೊಂಡು ನೋಡಿದ್ರೆ, ಅಯ್ಯೋ ಕರ್ಮವೇ, ಇದೂ ನಿಧಾನಕ್ಕೆ ಹೋಗುವಾಗ ಹೂಂಗುಡುತ್ತೆ! ಯಾಕೆ ಹೂಂಗುಡುತ್ತೆ? ನೋಡಿ, ಬೆಕ್ಕಿಗೆ ಗಂಟೆ ಕಟ್ಟೋರ್ಯಾರು ಅಂತ ಗಾದೆ ಹೇಳ್ತೀವಲ್ಲ, ಇಲ್ಲಿ ಕಾರ್ಖಾನೆಯೋರು ಪಾಪ ಗಂಟೆ ಕಟ್ಟಿಯೇ ಕಳಿಸಿದ್ರು. ಪ್ರಶ್ನೆ ಏನಪ್ಪಾ ಅಂದ್ರೆ… ಬಿಚ್ಚಿದೋರ್ಯಾರು?”

ಮೆಕ್ಯಾನಿಕ್ ಬೆಂಚಿನ ಮೇಲೆ ಸರಿದು ಕೂತ. ಅವನ ಬಲಗೈ ತನಗೆ ತಾನೇ ತೊಡೆಯ ಕೆಳಗೆ ಹೋಯಿತು.

“ಏನಪ್ಪಾ,” ಎಂದ ದರ್ಜಿ, “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿಕೊಂಡ ಹಾಗೆ ಕೈ ಬಚ್ಚಿಡ್ತಿದ್ದೀಯಾ?”

“ಚಳಿ,” ಎಂದ ಮೆಕ್ಯಾನಿಕ್.

“ಚಳೀನೇ ಇರಬೇಕು,” ಎಂದ ಅಜ್ಜ. “ಅವತ್ತೂ ಚಳಿ ಇತ್ತು. ಬೆಳಗಿನ ಐದು ಗಂಟೆ ಹತ್ತು ನಿಮಿಷ. ಟೈಮು ಹೇಗೆ ಗೊತ್ತು ಅಂತೀರಾ? ಸುಣ್ಣದ ಸುತ್ತಿನೊಳಗೆ ಅವಳೇ ಬರೆದಿದ್ದಳು, ಅದು ಅವಳ ಪದ್ಧತಿ. ಇಳಿಜಾರಿನ ರಸ್ತೆ. ಸೋರಿಕೆ ಸಿಕ್ತು, ಸುತ್ತು ಬರೆದಳು, ಸಲಾಕೆ ಕಟ್ಟಿದಳು, ಹತ್ತು ಪೆಡಲ್ ತುಳಿದು ಬಲಕ್ಕೆ ತಿರುಗಿದಳು. ತಿರುಗೋಕೆ ಮುಂಚೆ ಕಿವಿಯನ್ನು ಕೇಳಿದಳು. ರಸ್ತೆ ಖಾಲಿ ಅಂತು ಕಿವಿ. ಇಷ್ಟು ವರ್ಷದಲ್ಲಿ ಅದು ಹೇಳಿದ ಮೊದಲನೇ ಸುಳ್ಳು. ಹಿಂದೆ ಹಲ್ಲಿನ ಡಾಕ್ಟರ ಕಾರು, ಜೋರೇನಿಲ್ಲ, ನಿಧಾನಕ್ಕೇ, ಬೆಕ್ಕಿನ ಹಾಗೆ ಇಳಿದು ಬರ್ತಿತ್ತು. ಅವನು ತಲೆಯನ್ನು ಹಿಂದಕ್ಕೆ ಒರಗಿಸಿಕೊಂಡು ಆ ಮೌನದಲ್ಲಿ ತೇಲ್ತಾ ಇದ್ದ. ಹಾಲು ಹಾಕೋಳು ಎದುರುಗಡೆಯಿಂದ ನೋಡಿದಳು. ‘ಅಕ್ಕಾ’ ಅಂತ ಕೂಗೋಷ್ಟರಲ್ಲಿ… ಅಷ್ಟೇ. ಫುಟ್‌ಪಾತಿನ ಕಲ್ಲಿಗೆ ತಲೆ. ಹಾಲು ಹಾಕೋಳು ಹೋಗಿ ಎತ್ತಿಕೊಂಡಾಗ ಇನ್ನೂ ಜೀವ ಇತ್ತಂತೆ. ಏನಂದ್ಲು ಗೊತ್ತಾ? ‘ಕೇಳಲೇ ಇಲ್ಲ’ ಅಂದ್ಲಂತೆ. ನೋವು ಅನ್ನಲಿಲ್ಲ, ನೀರು ಅನ್ನಲಿಲ್ಲ. ‘ಕೇಳಲೇ ಇಲ್ಲವಲ್ಲ’… ಬೆರಗಿನಲ್ಲೇ ಹೋದಳು.

“ಕಾರು ಪೊಲೀಸ್ ಸ್ಟೇಷನ್ ಅಂಗಳದಲ್ಲಿ ಎರಡು ದಿನ ನಿಂತಿತ್ತು. ನಾನು ಹೋಗಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತೆ. ಬಂಪರ್ ಒಡೆದು ಒಳಗಿನ ಸ್ಪೀಕರ್ ನೇತಾಡ್ತಿತ್ತು. ಅದಕ್ಕೆ ಹೋಗೋ ತಂತಿ ಅಪಘಾತದಲ್ಲಿ ಕಿತ್ತುಬಂದಿರಲಿಲ್ಲ, ಕತ್ತರಿಸಿತ್ತು. ಕತ್ತರಿಸಿದ ತುದೀನ ಮಡಚಿ, ನೀಲಿ ಟೇಪು ಸುತ್ತಿ… ಟೇಪಿನ ಕೊನೆಯನ್ನು ಮೂರು ಸಲ ಒಳಮಡಿಕೆ ಮಾಡಿತ್ತು. ನಾನೂ ಕೈಕೆಲಸದೋನು. ಒಬ್ಬೊಬ್ಬ ಕಸುಬಿನೋನದ್ದು ಒಂದೊಂದು ರುಜು.”

ದರ್ಜಿ ತಲೆಕೆಳಗಾಗಿ ನಿಂತಿದ್ದ ಸೈಕಲ್ಲಿನ ಕಡೆ ನೋಡಿದ. ಅಂಚೆಯಾಕೆಯೂ ನೋಡಿದಳು. ದೀಪದ ತಂತಿಯ ತುದಿಯಲ್ಲಿ ನೀಲಿ ಎಲೆ.

ಮೆಕ್ಯಾನಿಕ್ಕಿಗೆ ಆ ಕಾರು ನೆನಪಿತ್ತು. ಮುಂದಿನ ಬಂಪರ್ ಒಡೆದು ಸೆಂಟರಿಗೆ ಬಂದಿತ್ತು. ಅವನು ಯಾರನ್ನೂ ಏನೂ ಕೇಳಿರಲಿಲ್ಲ. ಬಾನೆಟ್ಟಿನ ಮೇಲೆ ಸುಣ್ಣದ ಪುಡಿ ಮೆತ್ತಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕಾರಿನಡಿ ನುಸುಳಿ, ಟೇಪು ಬಿಚ್ಚಿ, ತಂತಿ ಜೋಡಿಸಿ ಎದ್ದು ಬಂದಿದ್ದ. ಆ ಮಧ್ಯಾಹ್ನ ಊಟ ಸೇರಿರಲಿಲ್ಲ ಎಂಬುದಷ್ಟೇ ಇಷ್ಟು ದಿನ ನೆನಪಿಟ್ಟುಕೊಂಡದ್ದು. ಎದ್ದು ಹೋಗಿಬಿಡಬೇಕೆನಿಸಿತು. ಆದರೆ ಮಗಳ ಸೈಕಲ್ ಅಜ್ಜನ ಎರಡು ಮೊಣಕಾಲುಗಳ ನಡುವೆ ಇತ್ತು.

“ಪೊಲೀಸಪ್ಪನಿಗೆ ತೋರಿಸಿದೆ,” ಎಂದ ಅಜ್ಜ. “ಸಾಹೇಬರು ಬಂದು ನೋಡ್ತಾರೆ ಅಂದ. ಸಾಹೇಬರು ಮೂರನೇ ದಿನ ನೋಡಿದ್ರು, ಆದ್ರೆ ಎಲ್ಲಿ? ಸರ್ವಿಸ್ ಸೆಂಟರಲ್ಲಿ. ಅಷ್ಟರಲ್ಲಿ ಕಾರು ಸೊಗಸಾಗಿ ‘ಹೂಂ’ ಅಂತ ಹಾಡ್ತಾ ನಿಂತಿತ್ತು. ಹಿಂದೆ ನೋಡದೆ ತಿರುಗಿದ್ದು ಸೈಕಲ್ಲಿನವಳ ತಪ್ಪು ಅಂತ ಬರೆದ್ರು, ಕೇಸು ಮುಚ್ಚಿದ್ರು. ನನ್ನ ಕೈಗೆ ಅವಳ ಸಲಾಕೆ ಕೊಟ್ಟು ಕಳಿಸಿದ್ರು. ಅದನ್ನ ತಂದು ಆ ಬೆಂಚಿನ ಹಿಂದೆ, ಮೂಲೇಲಿ ನಿಲ್ಲಿಸಿದೆ. ನಿಲ್ಲಿಸಿ ಒಂದು ಮಾತು ಹೇಳಿದೆ. ಏನು ಹೇಳಿದೆ? ‘ತಂಗೀ, ನಿನ್ನ ಕಿವಿ ಸುಳ್ಳು ಹೇಳಲಿಲ್ಲ ಕಣೇ, ನಿನ್ನ ಕಿವಿಗೆ ಮೋಸ ಮಾಡಿದ್ರು. ಸೋರಿದ್ದು ಎಲ್ಲಿ ಅಂತ ನೀನೇ ಹುಡುಕು’ ಅಂದೆ. ಸತ್ತೋರ ಹತ್ತಿರ ಹಾಗೆಲ್ಲ ಮಾತಾಡಬಾರದು ಅಂತಾರೆ ತಿಳಿದೋರು. ನಾನು ಮಾತಾಡಿದೆ. ಮರುದಿನ ಬೆಳಗ್ಗೆ ನೋಡಿದ್ರೆ ಸಲಾಕೆಯ ತುದಿಗೆ ಹಸಿ ಮಣ್ಣು.

“ಹಲ್ಲಿನ ಡಾಕ್ಟರಿಗೆ ಮೊದಲು ಹೋದದ್ದು ಮಳೆ. ಕಿಟಕಿಯಲ್ಲಿ ನೀರು ಇಳೀತಿದೆ, ಸದ್ದಿಲ್ಲ. ಒಳ್ಳೇ ಗಾಜು ಹಾಕಿಸಿದೀನಿ ಅಂತ ಖುಷಿಪಟ್ಟ. ಆಮೇಲೆ ಕುಕ್ಕರ್ ಸೀಟಿ ಹೋಯ್ತು. ಆಮೇಲೆ ಬಾಗಿಲ ಬೆಲ್ಲು. ಪಕ್ಕದ ಮನೆ ನಾಯಿ ನಾಲ್ಕು ಸಲ ಗುರುಗುಟ್ಟಿ ಐದನೇ ಸಲ ಮೀನಖಂಡಕ್ಕೆ ಬಾಯಿ ಹಾಕ್ತು. ‘ಅಷ್ಟು ಗುರುಗುಟ್ಟಿದ್ರೂ ನಿಂತಿದ್ರಲ್ಲ ಸಾರ್’ ಅಂದ್ರು ನೋಡಿದೋರು. ಅರ್ಥ ಆಯ್ತಾ? ಎದುರು ಕೂತು ಆಡಿದ ಮಾತು ಕೇಳ್ತಿತ್ತು, ಹಾಡು ಕೇಳ್ತಿತ್ತು. ಎಚ್ಚರ ಅನ್ನೋ ಸದ್ದು ಮಾತ್ರ ಒಂದೂ ಕೇಳ್ತಿರಲಿಲ್ಲ. ಒಂದಿನ ರೋಗಿಯ ಬಾಯಿಗೆ ಡ್ರಿಲ್ ಇಟ್ಟ, ಸದ್ದಿಲ್ಲ. ಕರೆಂಟ್ ಕಮ್ಮಿ ಅಂದ್ಕೊಂಡು ಒತ್ತಿದ. ಇನ್ನೂ ಒತ್ತಿದ. ನರ್ಸ್ ಓಡಿಬಂದು ಕೈ ಹಿಡಿದು ಎಳೆದಾಗಲೇ ಗೊತ್ತಾದದ್ದು, ರೋಗಿ ಆಗಿನಿಂದ ಬೊಬ್ಬೆ ಹೊಡೀತಿದ್ದಾನೆ ಅಂತ.

“ಕಿವಿ ಡಾಕ್ಟರು ಪರೀಕ್ಷೆ ಮಾಡಿ, ‘ಮೊಲದ ಕಿವಿ ಕಣಯ್ಯಾ ನಿಂದು, ಏನೂ ಆಗಿಲ್ಲ’ ಅಂದ. ಏನೂ ಆಗಿಲ್ವಾ? ಆ ನಿಶ್ಶಬ್ದದೊಳಗೆ ಈಗ ಒಂದೇ ಒಂದು ಸದ್ದು ಬರೋಕೆ ಶುರುವಾಗಿತ್ತು… ಟಕ್. ಹತ್ತು ಮಾರು ದೂರದಲ್ಲಿ. ಆಮೇಲೆ ಸುಮ್ಮನೆ, ಯಾರೋ ಉಸಿರು ಬಿಗಿಹಿಡಿದ ಹಾಗೆ. ಆಮೇಲೆ ಇನ್ನಷ್ಟು ಹತ್ತಿರ… ಟಕ್. ಮನೆ ಮುಂದಿನ ರಸ್ತೆಯಿಂದ ಮೆಟ್ಟಿಲಿಗೆ ಬಂತು, ಮೆಟ್ಟಿಲಿಂದ ಹಜಾರಕ್ಕೆ. ಒಂದು ಬೆಳಗ್ಗೆ ಐದೂ ಹತ್ತಕ್ಕೆ, ಬೋರಲು ಮಲಗಿದ್ದೋನ ಬೆನ್ನ ಮೇಲೆ, ಎರಡು ಹೆಗಲಿನ ನಡುವೆ, ತಣ್ಣಗೆ ಕಬ್ಬಿಣ. ಊರಿ ನಿಂತುಕೊಂಡು ಕೇಳ್ತಿದ್ದಾಳೆ… ಇವನೊಳಗೆ ಎಲ್ಲಿ ಸೋರ್ತಿದೆ ಅಂತ.

“ಅವತ್ತೇ ನನ್ನ ಹತ್ತಿರ ಬಂದ. ಇದೇ ಅಂಗಡಿ, ಇದೇ ಬೆಂಚು, ತಮ್ಮಾ, ನೀನು ಕೂತಿದ್ದೀಯಲ್ಲ ಅದೇ ತುದಿ. ಕಾಲಿಗೆ ಬಿದ್ದ. ಎಲ್ಲಾ ಹೇಳಿದ. ‘ಗುನುಗು ನಿಲ್ಲಿಸು ಅಂದೋನು ನಾನು, ಕತ್ತರಿಸಿದೋನು ಬೇರೆ. ಬೇಡ ಅನ್ನಬಹುದಿತ್ತು ಅವನು, ನಗ್ತಾ ಮಾಡಿಕೊಟ್ಟ’ ಅಂದ. ಯಾರು ಅಂತ ಕೇಳಿದೆ. ಹೆಸರು ಗೊತ್ತಿಲ್ಲ ಅಂದ. ‘ಕ್ಷಮಿಸಿಬಿಡು ಅಜ್ಜಾ’ ಅಂದ. ನಾನೇನು ಹೇಳಲಿ? ‘ನನ್ನ ತಲೆ ಒಡೆದಿಲ್ಲವಲ್ಲಪ್ಪಾ, ಒಡೆದೋಳನ್ನ ಕೇಳು’ ಅಂದೆ. ಹೌದು, ಅಂದೆ. ಇವತ್ತಿಗೂ ಅದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ.

“ಇನ್ನು ಕೊನೇದು ಕೇಳಿ. ಅವತ್ತು ಸುಣ್ಣದ ಸುತ್ತು ಹಾಕಿದ್ದಳಲ್ಲ, ಆ ಸೋರಿಕೇನ ಆಫೀಸಿಗೆ ಹೇಳೋಕೆ ಅವಳೇ ಉಳಿದಿರಲಿಲ್ಲ. ಯಾರೂ ಅಗೀಲಿಲ್ಲ. ಒಳಗೇ ಸೋರಿ ಸೋರಿ, ಎರಡು ತಿಂಗಳಾದ ಮೇಲೆ ಪೈಪು ಒಡೆದುಹೋಯ್ತು. ಆ ಇಳಿಜಾರಿನ ಮನೆಗಳಿಗೆಲ್ಲ ನೀರಿಲ್ಲ. ಹಲ್ಲಿನ ಡಾಕ್ಟರ ಮನೆಯೂ ಅಲ್ಲೇ. ನೀರಿನ ಟ್ಯಾಂಕರ್ ಬಂತು, ಬೆಳಗ್ಗೆ ಹನ್ನೊಂದು ಗಂಟೆ, ಕಣ್ಣು ಕುಕ್ಕೋ ಬಿಸಿಲು. ರಸ್ತೆ ಕಿರಿದು, ಟ್ಯಾಂಕರ್ ಹಿಮ್ಮುಖವಾಗಿ ಹತ್ತಬೇಕು. ಹಿಂದಕ್ಕೆ ಬರೋ ಲಾರಿ ಸದ್ದು ನಿಮಗೆ ಗೊತ್ತಲ್ಲ, ಪೀಂ ಪೀಂ ಪೀಂ ಅಂತ ಸತ್ತೋರನ್ನೂ ಎಬ್ಬಿಸುತ್ತೆ. ಡ್ರೈವರ್ ಹಾರ್ನ್ ಒತ್ತಿದ, ಕ್ಲೀನರ್ ಟ್ಯಾಂಕರಿಗೆ ದಬದಬ ಬಡಿದ, ಬಿಂದಿಗೆ ಹಿಡಿದ ಹೆಂಗಸರೆಲ್ಲ ಒಂದೇ ಗಂಟಲಲ್ಲಿ ಕಿರುಚಿದ್ರು. ನಾಲ್ಕು ಬೀದಿ ಆಚೆ ಈ ಅಂಗಡೀಲಿ ಕೂತಿದ್ದ ನನಗೆ ಕೇಳಿಸ್ತು. ಇಡೀ ಊರಿಗೆ ಕೇಳಿಸ್ತು. ಸುಣ್ಣದ ಸುತ್ತು ಇದ್ದ ಜಾಗದಲ್ಲಿ, ಬಕೆಟ್ ಹಿಡಿದು ಬೆನ್ನು ಹಾಕಿ ನಿಂತಿದ್ದ ಒಬ್ಬನೇ ಒಬ್ಬನಿಗೆ ಕೇಳಿಸಲಿಲ್ಲ…

“ಮಾಡಿದ್ದುಣ್ಣೋ ಮಹರಾಯ. ಅಲ್ಲಿಗೆ ಅವಳ ಕೆಲಸ ಮುಗೀತು ಅಂದ್ಕೊಂಡು ಸಲಾಕೆ ಒರೆಸಿ ಎಣ್ಣೆ ಹಚ್ಚಿಟ್ಟೆ. ಬೆಳಗ್ಗೆ ನೋಡಿದ್ರೆ ತುದೀಲಿ ಮತ್ತೆ ಹಸಿ ಮಣ್ಣು. ಆಗ ಹೊಳೀತು. ಪೈಪು ತುಂಡಾದ ಕಡೆ ತುದಿ ಎರಡಿರುತ್ತೆ ಅಲ್ವಾ? ಒಂದನ್ನ ಮುಚ್ಚಿದ್ರೆ ಸೋರಿಕೆ ನಿಲ್ಲುತ್ತಾ? ಬಾಯಿ ಕಟ್ಟು ಅಂದ ತುದಿ ಒಂದು, ಕಟ್ಟಿದ ತುದಿ ಇನ್ನೊಂದು. ಪಾಪ, ಎರಡನೆಯದನ್ನ ಬೀದಿ ಬೀದಿ ಕುಟ್ಟಿಕೊಂಡು ಹುಡುಕ್ತಾನೇ ಇದ್ಲು. ಗುರುತು ಗೊತ್ತಿರಲಿಲ್ಲ ನೋಡಿ ಅವಳಿಗೆ… ನನಗೂ ಗೊತ್ತಿರಲಿಲ್ಲ. ಇವತ್ತಿನ ತನಕ.”

ಅಜ್ಜ ದನಿಯನ್ನು ಬಹಳ ತಗ್ಗಿಸಿದ್ದ. ಆದರೂ ಒಂದೊಂದು ಅಕ್ಷರವೂ ಮೆಕ್ಯಾನಿಕ್ಕಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅಜ್ಜ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿದ. ಹಿಂದಿನ ಕಪಾಟಿನಿಂದ ಧೂಳು ಹಿಡಿದ ಡಬ್ಬವೊಂದನ್ನು ತೆಗೆದು, ಒಳಗಿದ್ದ ದುಂಡು ಕನ್ನಡಿಯನ್ನು ಅಂಗಿಯ ತುದಿಗೆ ಉಜ್ಜಿ, ಹ್ಯಾಂಡಲ್ಲಿನ ಬಲಕ್ಕೆ ಬಿಗಿದ.

“ಮಗೂಗೆ ಹೇಳು, ದಿನಾ ಇದನ್ನ ನೋಡಿಕೊಂಡು ತಿರುಗಲಿ. ಕಾಸು ಬೇಡ. ಅದು ಏನು ತಪ್ಪು ಮಾಡಿದೆ? ಅದರ ತಂಟೆಗೆ ಅವಳು ಬರಲ್ಲ.”

ಮೆಕ್ಯಾನಿಕ್ ಎದ್ದ. ನಾಳೆಯೇ ರಿಜಿಸ್ಟರಿನಲ್ಲಿ ಉಳಿದವರನ್ನೆಲ್ಲ ಹುಡುಕಿ, ಒಬ್ಬೊಬ್ಬರ ಮನೆಗೇ ಹೋಗಿ ಕಾರಿನಡಿ ನುಸುಳಬೇಕು, ಎಲ್ಲ ಟೇಪು ಬಿಚ್ಚಬೇಕು ಎಂದುಕೊಂಡ. ಹಾಗೆಂದುಕೊಂಡಾಗ ಎದೆ ಸ್ವಲ್ಪ ಹಗುರಾಯಿತು. ಸುತ್ತಲೂ ಎಷ್ಟು ಪ್ರಶಾಂತವಾಗಿತ್ತೆಂದರೆ ಅವನಿಗೆ ತನ್ನ ಚಪ್ಪಲಿ ನೆಲಕ್ಕೆ ಉಜ್ಜುವುದೂ ಕೇಳಿಸಿತು.

“ಬರ್ತೀನಿ ಅಜ್ಜಾ,” ಎಂದ. “ಸದ್ಯ, ಮಳೆ ನಿಂತಿತಲ್ಲ.”

ಅಂಚೆಯಾಕೆ ಚೀಲವನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು. ದರ್ಜಿ ಡಬ್ಬದ ಮೇಲಿಂದ ಎದ್ದು ಹಿಂದೆ ಸರಿದ. ಇಬ್ಬರೂ ಅವನ ಮುಖವನ್ನೇ ನೋಡುತ್ತಿದ್ದರು. ಅವನು ಬಾಗಿಲ ಕಡೆ ತಿರುಗಿದ. ತಗಡಿನ ಅಂಚಿನಿಂದ ನೀರು ಪರದೆ ಕಟ್ಟಿದಂತೆ ಸುರಿಯುತ್ತಿತ್ತು. ಹೊಸ್ತಿಲ ಕಲ್ಲಿಗೆ ಬಡಿದು ಮೊಣಕಾಲೆತ್ತರ ಚಿಮ್ಮುತ್ತಿತ್ತು. ಯಾವುದಕ್ಕೂ ಸದ್ದಿರಲಿಲ್ಲ.

ಅವನು ಬೆಂಚಿನ ಹಿಂದಿನ ಮೂಲೆಯನ್ನು ನೋಡಿದ. ಅಲ್ಲಿ ನೆಲದ ಮೇಲೆ ನಾಣ್ಯದಗಲದ ಒದ್ದೆ ಗುರುತೊಂದು ಇತ್ತು. ಸಲಾಕೆ ಇರಲಿಲ್ಲ. ಹೊರಗೆ, ಹತ್ತು ಮಾರು ದೂರದಲ್ಲಿ, ರಸ್ತೆಗೆ ಏನೋ ಟಕ್ ಎಂದು ತಗುಲಿತು.

ಅಜ್ಜ ಸೈಕಲ್ಲನ್ನು ಅವನ ಕೈಗೆ ಕೊಟ್ಟು, ಎದುರು ನಿಂತು, ಮಗುವಿಗೆ ಬುದ್ಧಿ ಹೇಳುವಂತೆ ಮೆಲ್ಲಗೆ ಹೇಳಿದ:

“ಮಳೆ ನಿಂತಿದ್ದು ನಿನಗೆ, ಮಗಾ. ನಮಗಿನ್ನೂ ಸುರೀತಾನೇ ಇದೆ… ದಾರೀಲಿ ಹುಷಾರು. ಮನೆ ಸೇರೋ ತನಕ ತಿರುಗಿ ತಿರುಗಿ ನೋಡ್ಕೊಂಡು ಹೋಗು.”